ಮದ್ದನ್ನು ತೂಗಿದ್ದೇ ತೂಗಿದ್ದು

ಹಳೆಯ ಗುರಿಹಾಳೆಗಳ ಕಟ್ಟೊಂದು ನನ್ನ ಬಳಿ ಇದೆ. ಅದರಲ್ಲಿ ಒಂದು ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಸಿಕ್ಕಿತು!’ ಎಂದು ನಾನೇ ಬರೆದುಕೊಂಡಿದ್ದೇನೆ. ನೂರು ಗಜ ದೂರದಿಂದ ಹೊಡೆದ ಮೂರು ಗುಂಡುಗಳು ಒಂದರ ಅಂಚನ್ನು ಇನ್ನೊಂದು ಕಚ್ಚಿಕೊಂಡು ಬಿಲ್ವಪತ್ರೆಯ ಹಾಗೆ ಕೂತಿವೆ. ಅದರ ಕೆಳಗಿನ ಹಾಳೆ ಒಂದು ವಾರ ನಂತರದ್ದು. ಅದೇ ಮದ್ದು, ಅದೇ ತೂಕ, ಅದೇ ಗುಂಡು. ತೂತುಗಳು ಮಾತ್ರ ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ದಿಕ್ಕಿಗೊಂದು. ಆ ಹಾಳೆಯ ಮೇಲೆ ಏನೂ ಬರೆದಿಲ್ಲ. ಬರೆಯುವ ಮನಸ್ಸಾದರೂ ಹೇಗೆ ಬರಬೇಕು!

ನನ್ನದು .222 ರೆಮಿಂಗ್ಟನ್ ತೋಟಾ ಹಾಕುವ, ಪ್ರತಿ ಹೊಡೆತಕ್ಕೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎತ್ತಿ ಎಳೆಯಬೇಕಾದ ಬೋಲ್ಟ್ ರೈಫಲ್. ವಾರ್ಮಿಂಟ್ ರೈಫಲ್ ಎಂದು ಕರೆಯುವ ತಳಿ. ಹುಲ್ಲುಗಾವಲನ್ನೂ ಬೆಳೆಯನ್ನೂ ತೋಡಿ ಹಾಕುವ ಸಣ್ಣ ಪ್ರಾಣಿಗಳನ್ನು ಬಹುದೂರದಿಂದ ಹೊಡೆಯಲೆಂದೇ ಹುಟ್ಟಿದ್ದು. ಇನ್ನೂರು, ಮುನ್ನೂರು ಗಜದಾಚೆ ಅಂಗೈಯಗಲದ ಗುರಿ. ಹಾಗಾಗಿ ಸಣ್ಣ ಗುಂಡು, ಭಾರೀ ವೇಗ, ದಪ್ಪ ಬ್ಯಾರೆಲ್, ಎಲ್ಲಕ್ಕಿಂತ ಮಿಗಿಲಾಗಿ ಕರಾರುವಾಕ್ಕುತನ. ನಾನು ಹೊಡೆಯುವುದು ಕಾಗದವನ್ನು ಮಾತ್ರ. ಮೈಕ್ ವಾಕರ್ ಎಂಬ ಎಂಜಿನಿಯರ್ ರೂಪಿಸಿದ ಈ ತೋಟಾ ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ಬೆಂಚಿನ ಮೇಲೆ ರೈಫಲ್ ಒರಗಿಸಿ ಗುಂಡಿನ ತೂತುಗಳ ಅತಿ ಚಿಕ್ಕ ಗುಂಪು ಕೂರಿಸುವ ಬೆಂಚ್‌ರೆಸ್ಟ್ ಸ್ಪರ್ಧೆಗಳನ್ನು ಅದು ಎರಡು ದಶಕಕ್ಕೂ ಹೆಚ್ಚು ಕಾಲ ಆಳಿತು. 1975ರ ಸುಮಾರಿಗೆ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಸೇರಿ ಪಿಪಿಸಿ ಎಂಬ ಗಿಡ್ಡ, ದಪ್ಪ ತೋಟಾಗಳನ್ನು ತಂದ ಮೇಲೆಯೇ ಅದರ ದೊರೆತನ ಹೋದದ್ದು. ಇಷ್ಟು ಚರಿತ್ರೆಯನ್ನು ಏಕೆ ಹೇಳಿದೆನೆಂದರೆ, ನನ್ನ ಗುಂಪುಗಳು ಚದುರಿದಾಗ ತೋಟಾವನ್ನು ದೂರುವ ದಾರಿ ನನಗೆ ಮೊದಲೇ ಮುಚ್ಚಿಹೋಗಿತ್ತು.

ಅಂಗಡಿಯ ತೋಟಾಗಳಿಂದ ಐದು ಗುಂಡುಗಳು ಸುಮಾರು ಒಂದೂಕಾಲು ಇಂಚಿನೊಳಗೆ ಬೀಳುತ್ತಿದ್ದವು. ಕೈಯಾರೆ ತುಂಬಿದರೆ ಅರ್ಧ ಇಂಚಿಗೆ ಇಳಿಯುತ್ತದೆ ಎಂದು ಗುರಿ ಅಭ್ಯಾಸದ ರೇಂಜಿನಲ್ಲಿ ಎಲ್ಲರೂ ಹೇಳಿದರು. ಪರವಾನಗಿ ಇದ್ದು, ತೋಟಾ ತುಂಬುವುದಕ್ಕೆ ಕಾನೂನಿನ ಒಪ್ಪಿಗೆಯೂ ಇದ್ದವರ ಕೆಲಸ ಇದು; ಅವೆರಡೂ ನನಗಿದ್ದವು. ಹಿಡಿ ಎಳೆದು ಒತ್ತುವ ಪ್ರೆಸ್, ಡೈ ಎಂಬ ಅಚ್ಚುಗಳು, ತಕ್ಕಡಿ, ಅಳತೆಯ ಕ್ಯಾಲಿಪರ್ ತಂದು ಮೇಜಿಗೆ ಬಿಗಿದೆ.

ಕೆಲಸ ಹೇಳುವುದಕ್ಕೆ ಸುಲಭ. ಒಂದು ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆ ಕೇಸು, ಬಡಿದಾಗ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್, ಮದ್ದು, ಗುಂಡು. ಸುಟ್ಟ ಮೇಲೆ ಉಳಿಯುವುದು ಕೇಸು ಮಾತ್ರ. ಸ್ಫೋಟದ ಒತ್ತಡಕ್ಕೆ ಅದು ಉಬ್ಬಿ, ರೈಫಲ್ಲಿನಲ್ಲಿ ತೋಟಾ ಕೂರುವ ಚೇಂಬರಿನ ಅಚ್ಚನ್ನೇ ಪಡೆದಿರುತ್ತದೆ. ಅದನ್ನು ಡೈ ಒಳಗೆ ಒತ್ತಿ ಮತ್ತೆ ಅಳತೆಗೆ ತರಬೇಕು, ಹಳೆಯ ಪ್ರೈಮರ್ ತೆಗೆದು ಹೊಸದನ್ನು ಕೂರಿಸಬೇಕು, ಮದ್ದು ಹಾಕಬೇಕು, ಬಾಯಿಗೆ ಗುಂಡನ್ನು ಒತ್ತಬೇಕು. ನಾಲ್ಕು ಸಲ ಪ್ರೆಸ್ಸಿನ ಹಿಡಿ ಎಳೆದರೆ ಒಂದು ತೋಟಾ.

ಮೊದಲ ದಿನವೇ ಮೂರನೆಯ ಕೇಸು ಡೈ ಒಳಗೆ ಸಿಕ್ಕಿಹಾಕಿಕೊಂಡಿತು.

ಹೊರಮೈಗೆ ಎಣ್ಣೆ ಸವರಬೇಕೆಂದು ಓದಿದ್ದೆ, ಸವರಿದ್ದೆ, ಆದರೆ ಕಂಜೂಸಿತನದಿಂದ. ಹಿಡಿ ಕೆಳಗೆ ಹೋಗುವಾಗಲೇ ಬಿಗಿಯಿತು. ಇನ್ನೊಂದು ಸ್ವಲ್ಪ ಬಲ ಹಾಕಿದರೆ ಸರಿಯಾಗುತ್ತದೆ ಎಂದುಕೊಂಡು ಮೈಭಾರ ಬಿಟ್ಟೆ. ಪೂರ್ತಿ ಒಳಗೆ ಹೋಯಿತು. ಹಿಂದಕ್ಕೆ ಎಳೆದಾಗ ‘ಟಕ್’ ಎಂಬ ಸದ್ದು, ಆಮೇಲೆ ಹಿಡಿ ಹಗುರ. ಕೇಸಿನ ತಳದ ಅಂಚನ್ನು ಅದನ್ನು ಹಿಡಿದಿದ್ದ ಶೆಲ್ ಹೋಲ್ಡರ್ ಕಿತ್ತುಕೊಂಡು ಬಂದಿತ್ತು. ಕೇಸು ಡೈ ಒಳಗೇ ಆರಾಮಾಗಿ ಕೂತಿತ್ತು. ಅದರ ತಳಕ್ಕೆ ರಂಧ್ರ ಕೊರೆದು, ತಿರುಪಿನ ಎಳೆ ಕೊರೆದು, ಬೋಲ್ಟ್ ತಿರುಗಿಸಿ ಅಂಗುಲ ಅಂಗುಲವಾಗಿ ಹೊರಗೆಳೆಯುವಷ್ಟರಲ್ಲಿ ಸಂಜೆಯಾಯಿತು. ಅಂದಿನಿಂದ ಎಣ್ಣೆಯ ವಿಷಯದಲ್ಲಿ ನಾನು ಧಾರಾಳಿ. ಧಾರಾಳ ಹೆಚ್ಚಾದರೂ ಕಷ್ಟವೇ; ಕೇಸು ಕಿರಿದಾಗುವ ಭುಜದ ಬಳಿ ಸಿಕ್ಕಿಕೊಂಡ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಹಿತ್ತಾಳೆಯಲ್ಲಿ ಗುಳಿ ಬೀಳುತ್ತದೆ. ಕೇಸಿನ ಹೊರಮೈಗೆ ಬೆರಳ ತುದಿಯ ತೆಳುವಾದ ಪಸೆ, ಗುಂಡು ಕೂರುವ ಕುತ್ತಿಗೆಯ ಒಳಗೆ ಮಾತ್ರ ಏನೂ ಬೇಡ, ಮದ್ದು ಅಂಟಿಕೊಂಡೀತು — ಇದು ನಾನು ಮಾಡಿಕೊಂಡ ನಿಯಮ. ಈ ನಿಯಮದ ಎರಡನೇ ಅರ್ಧ ನನ್ನನ್ನು ಐದು ತಿಂಗಳು ಆಟವಾಡಿಸಿತು.

ಆಮೇಲಿನದು ತೂಕದ ಕಥೆ. ಮದ್ದನ್ನು ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ನನ್ನ ತಕ್ಕಡಿ ಅದರ ಹತ್ತನೇ ಒಂದು ಭಾಗವನ್ನು ತೋರಿಸುತ್ತಿತ್ತು. ಅಷ್ಟು ಸೂಕ್ಷ್ಮ ಸಿಕ್ಕ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಚಿಮಟಿಯಲ್ಲಿ ಒಂದೊಂದೇ ಮದ್ದಿನ ಕಾಳು ಎತ್ತಿ ತಟ್ಟೆಗೆ ಹಾಕುವುದು, ತೆಗೆಯುವುದು. ಫ್ಯಾನ್ ಆರಿಸುವುದು, ಕಿಟಕಿ ಮುಚ್ಚುವುದು, ಉಸಿರು ಬಿಗಿಹಿಡಿಯುವುದು. ಡಿಜಿಟಲ್ ತಕ್ಕಡಿಯ ಅಂಕಿ ತಾನಾಗಿಯೇ ಜಾರುತ್ತದೆಂದು ಗೊತ್ತಾದ ಮೇಲೆ ತೊಲೆ ತಕ್ಕಡಿಯನ್ನೂ ತಂದು ಎರಡರಲ್ಲೂ ತೂಗುವುದು. ಇಪ್ಪತ್ತು ತೋಟಾ ತುಂಬಲು ಎರಡು ಗಂಟೆ. ರೈಫಲ್ಲಿನ ಕಾಯಿಲೆಗೆ ಮದ್ದು ಹುಡುಕುತ್ತಾ ನಾನು ಮದ್ದನ್ನೇ ತೂಗುತ್ತಾ ಕೂತಿದ್ದೆ.

ಆ ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಇನ್ನೊಬ್ಬರ ರೈಫಲ್ಲಿಗೆ ಒಗ್ಗಿದ ಅಂಕಿಯನ್ನು ಕೇಳಿಕೊಂಡು ತುಂಬುವವರು ಬೆರಳನ್ನೂ ಕಣ್ಣನ್ನೂ ಪಣಕ್ಕಿಡುತ್ತಾರೆ. ಮದ್ದು ತಯಾರಕರ ಕೈಪಿಡಿಯಲ್ಲಿ ಆರಂಭದ ತೂಕವೂ ಗರಿಷ್ಠ ತೂಕವೂ ಇರುತ್ತವೆ. ಕೆಳಗಿನಿಂದ ಆರಂಭಿಸಿ ಮೆಲ್ಲಗೆ ಏರಬೇಕು. ಸುಟ್ಟ ಪ್ರೈಮರ್ ಚಪ್ಪಟೆಯಾಗಿದೆಯೇ, ಬೋಲ್ಟ್ ಎತ್ತಲು ಬಿಗಿಯಾಗುತ್ತಿದೆಯೇ, ಕೇಸಿನ ತಳದಲ್ಲಿ, ಸುಟ್ಟ ಕೇಸನ್ನು ಹೊರಚಿಮ್ಮಿಸುವ ಎಜೆಕ್ಟರಿನ ಹೊಳಪು ಗುರುತು ಮೂಡಿದೆಯೇ ಎಂದು ಪ್ರತಿ ಹೆಜ್ಜೆಗೂ ನೋಡಬೇಕು, ಕಂಡರೆ ಅಲ್ಲಿಗೇ ನಿಲ್ಲಬೇಕು. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು, ಕಣ್ಣಿಗೆ ಕನ್ನಡಕ, ಗುಂಡು ಕೂರಿಸುವ ಮುಂಚೆ ಟಾರ್ಚ್ ಬಿಟ್ಟು ಎಲ್ಲ ಕೇಸುಗಳಲ್ಲೂ ಮದ್ದಿನ ಮಟ್ಟ ಒಂದೇ ಇದೆಯೇ ಎಂದು ಇಣುಕುವುದು, ಕೆಲಸ ಮುಗಿದ ಮೇಲೆ ಕೈ ತೊಳೆಯುವುದು. ಈ ನಾಲ್ಕರಲ್ಲಿ ನಾನು ಒಮ್ಮೆಯೂ ಸೋಮಾರಿತನ ಮಾಡಿಲ್ಲ. ಮಾಡಿದ ಸೋಮಾರಿತನವೆಲ್ಲ ಬೇರೆ ಕಡೆ.

ತೂಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಪ್ರತಿಯೊಂದರಲ್ಲೂ ಮೂರು ತೋಟಾ ತುಂಬಿ ಹೊಡೆಯುತ್ತಿದ್ದೆ. ಒಂದು ಗುಂಪು ಚಿಕ್ಕದಾಗಿ ಬೀಳುತ್ತಿತ್ತು. ಇದೇ ರೈಫಲ್ಲಿಗೆ ಇಷ್ಟವಾದ ತೂಕ ಎಂದು ಕೆಂಪು ಶಾಯಿ. ಮುಂದಿನ ವಾರ ಅದೇ ತೂಕ ಚದುರುತ್ತಿತ್ತು, ಪಕ್ಕದ ತೂಕ ಮಿಂಚುತ್ತಿತ್ತು. ಐದು ತಿಂಗಳಲ್ಲಿ ನನ್ನ ರೈಫಲ್ ನಾಲ್ಕು ಬೇರೆ ಬೇರೆ ತೂಕಗಳನ್ನು ‘ಇಷ್ಟಪಟ್ಟಿತು’.

ರೇಂಜಿನಲ್ಲಿ ಹಿರಿಯರೊಬ್ಬರಿದ್ದರು. ಜೀವನವಿಡೀ ಲೇತ್ ಮೇಲೆ ಅಚ್ಚುಗಳನ್ನು ಕೊರೆದು ನಿವೃತ್ತರಾದವರು. ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವರು ಮದ್ದನ್ನು ತೂಗುತ್ತಲೇ ಇರಲಿಲ್ಲ. ರೇಂಜಿನ ಮೇಜಿಗೆ ಅಳತೆಯ ಸಾಧನವೊಂದನ್ನು ಸಿಕ್ಕಿಸಿ, ಹಿಡಿಯನ್ನು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಿಸಿ, ಸೇರಿನಲ್ಲಿ ಅಕ್ಕಿ ಅಳೆದ ಹಾಗೆ ಗಾತ್ರದಿಂದಲೇ ಅಳೆದು ಹಾಕುತ್ತಿದ್ದರು. ಅವರ ಗುಂಪುಗಳು ನನ್ನವುಗಳ ಅರ್ಧ. ನನಗೆ ಅದು ಅನ್ಯಾಯವೆಂದೇ ತೋರುತ್ತಿತ್ತು.

ಒಂದು ದಿನ ನನ್ನ ಹಾಳೆಗಳ ಕಟ್ಟನ್ನು ತಿರುವಿ ಹಾಕಿ ಕೇಳಿದರು. “ಎಲ್ಲವೂ ಮೂರು ಮೂರೇ ಗುಂಡೇನಪ್ಪಾ?”

“ಹೌದು ಮೇಷ್ಟ್ರೇ. ಗುಂಡು ದುಬಾರಿ.”

“ಮೂರು ಗುಂಡಿನ ಗುಂಪು ಹೊಗಳುಭಟ. ನಿನಗೆ ಬೇಕಾದದ್ದನ್ನೇ ಹೇಳುತ್ತದೆ.”

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಗುಂಪಿನ ಅಳತೆ ಎಂದರೆ ಅತಿ ದೂರದ ಎರಡು ತೂತುಗಳ ನಡುವಿನ ಅಂತರ. ರೈಫಲ್ ಬದಲಾಗದೆ ಹೋದರೂ ಗುಂಡುಗಳ ಸಂಖ್ಯೆ ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ. ಮೂರರ ಗುಂಪು ಐದರ ಗುಂಪಿಗಿಂತ ಸರಾಸರಿ ಐದನೇ ಒಂದು ಭಾಗದಷ್ಟು ಚಿಕ್ಕದಾಗಿಯೇ ಬೀಳುತ್ತದೆ. ಮೇಲಾಗಿ ಅದರ ಏರಿಳಿತವೂ ಹೆಚ್ಚು: ಒಂದೇ ರಾಶಿಯ ತೋಟಾಗಳಿಂದ ಒಂದು ಗುಂಪು ಇನ್ನೊಂದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಹತ್ತು ತೂಕಗಳಲ್ಲಿ ಮೂರು ಮೂರು ಹೊಡೆದರೆ ಯಾವುದೋ ಒಂದು ಮಿಂಚಲೇಬೇಕು. ಲಾಟರಿಯಲ್ಲಿ ಯಾರಿಗೋ ಬಹುಮಾನ ಬರುವಂತೆ. ನಾನು ಬಹುಮಾನ ಬಂದ ಚೀಟಿಯ ಸಂಖ್ಯೆಯನ್ನು ಶಾಸ್ತ್ರವೆಂದು ಬರೆದಿಟ್ಟುಕೊಂಡಿದ್ದೆ.

ಇನ್ನೊಂದು ಲೆಕ್ಕ ಇನ್ನಷ್ಟು ನೋಯಿಸಿತು. ನನ್ನ 50 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು 3,100 ಅಡಿ ವೇಗದಲ್ಲಿ ಹೊರಡುತ್ತದೆ. ನೂರು ಗಜ ಮುಟ್ಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಅದು ಎರಡು ಇಂಚಿನಷ್ಟು ಮಾತ್ರ ಕೆಳಗಿಳಿಯುತ್ತದೆ. ವೇಗದಲ್ಲಿ 50 ಅಡಿ ವ್ಯತ್ಯಾಸವಾದರೂ ಈ ಇಳಿತದಲ್ಲಿ ಆಗುವ ಬದಲಾವಣೆ ಒಂದೂವರೆ ಮಿಲಿಮೀಟರ್. ಹತ್ತನೇ ಒಂದು ಗ್ರೇನ್ ಮದ್ದು ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಅಳೆಯುವ ನನ್ನ ಕ್ರೋನೊಗ್ರಾಫ್ ತೋರಿಸುತ್ತಿದ್ದದ್ದು ಹತ್ತು ಹದಿನೈದು ಅಡಿ. ಅಂದರೆ ಗುರಿಹಾಳೆಯ ಮೇಲೆ ಅರ್ಧ ಮಿಲಿಮೀಟರ್! ಗುಂಡಿನ ವ್ಯಾಸವೇ ಐದೂಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ. ಬ್ಯಾರೆಲ್ಲಿನ ಕಂಪನವೂ ಇದರಲ್ಲಿ ಕೈಯಾಡಿಸುತ್ತದೆ, ಐನೂರು ಗಜಕ್ಕೆ ಹೋದರೆ ಕಥೆಯೇ ಬೇರೆ, ಎಲ್ಲವೂ ನಿಜ. ಆದರೆ ನೂರು ಗಜದಲ್ಲಿ ಒಂದು ಇಂಚು ಚದುರುತ್ತಿದ್ದ ನನ್ನ ಗುಂಪಿಗೆ ಚಿಮಟಿಯ ಕಾಳು ಕಾರಣವಾಗಿರಲಿಲ್ಲ.

ಮುಂದಿನ ವಾರ ಮೇಷ್ಟ್ರು ನನ್ನ ತುಂಬಿದ ತೋಟಾಗಳ ಪೆಟ್ಟಿಗೆ ಕೇಳಿದರು. ದಪ್ಪ ಗಾಜಿನ ಹಲಗೆಯೊಂದನ್ನು ಮೇಜಿನ ಮೇಲಿಟ್ಟು, ತೋಟಾವನ್ನು ಅಡ್ಡ ಮಲಗಿಸಿ ಒಂದೇ ಬೆರಳಿನಿಂದ ಮೆಲ್ಲಗೆ ಉರುಳಿಸಿದರು. ನೋಡು ಎಂದು ಬಾಯಲ್ಲಿ ಹೇಳಲಿಲ್ಲ, ಗಲ್ಲ ಎತ್ತಿ ತೋರಿಸಿದರು. ಹಿತ್ತಾಳೆಯ ಮೈ ನೆಟ್ಟಗೆ ಉರುಳುತ್ತಿತ್ತು. ಮುಂದಿನ ಗುಂಡಿನ ಮೊನೆ ಮಾತ್ರ ಕುಡಿದವನ ತಲೆಯ ಹಾಗೆ ಒಂದು ಸುತ್ತಿಗೆ ಒಮ್ಮೆ ಓಲಾಡುತ್ತಿತ್ತು. ಅವರ ಪೆಟ್ಟಿಗೆಯ ಒಂದನ್ನು ಉರುಳಿಸಿದರು. ಮೊನೆ ನಿಂತಲ್ಲೇ ತಿರುಗಿತು.

ಆಮೇಲೆ ಡಯಲ್ ಗೇಜ್ ತಂದರು. ತೋಟಾ ಎರಡು ಕವೆಗಳ ಮೇಲೆ ಕೂರುತ್ತದೆ, ಗೇಜಿನ ಮುಳ್ಳು ಗುಂಡನ್ನು ಮುಟ್ಟಿಕೊಂಡಿರುತ್ತದೆ, ಬೆರಳಿನಿಂದ ತಿರುಗಿಸಿದರೆ ಓಲಾಟ ಸಾವಿರಾಂಶ ಇಂಚಿನಲ್ಲಿ ಗೊತ್ತಾಗುತ್ತದೆ. ನನ್ನ ತೋಟಾಗಳಲ್ಲಿ ಕೆಲವು ಎರಡು, ಬಹಳಷ್ಟು ಐದು, ಒಂದೆರಡು ಏಳು. ಗುಂಡು ಬ್ಯಾರೆಲ್ಲಿನ ತಿರುಪು ಗೆರೆಗಳಿಗೆ ಓರೆಯಾಗಿ ನುಗ್ಗುತ್ತಿತ್ತು. ಓರೆಯಾಗಿ ನುಗ್ಗಿದ್ದು ನೆಟ್ಟಗೆ ಹಾರುವ ಬಗೆ ಎಲ್ಲಿ?

ಮೇಷ್ಟ್ರು ಒಂದು ಪರೀಕ್ಷೆ ಹೇಳಿದರು. ನೆಟ್ಟಗಿರುವ ಇಪ್ಪತ್ತು ತೋಟಾ ಒಂದು ಕಡೆ, ಸೊಟ್ಟಗಿರುವ ಇಪ್ಪತ್ತು ಇನ್ನೊಂದು ಕಡೆ. ಒಂದು ಐದರ ಗುಂಪು ಇದರಿಂದ, ಒಂದು ಐದರ ಗುಂಪು ಅದರಿಂದ, ಸರದಿಯಲ್ಲಿ. ಗಾಳಿಯೂ ಬೆಳಕೂ ಬ್ಯಾರೆಲ್ಲಿನ ಬಿಸಿಯೂ ಇಬ್ಬರಿಗೂ ಸಮ. ಒಂದು ಷರತ್ತು: ನಲವತ್ತಕ್ಕೂ ಮದ್ದನ್ನು ಅವರ ಸಾಧನದಿಂದ ಗಾತ್ರದಲ್ಲಿ ಅಳೆದು ಹಾಕಬೇಕು, ತಕ್ಕಡಿ ಮುಟ್ಟಬಾರದು. ನನ್ನ ತಕ್ಕಡಿಯಲ್ಲಿ ಒಪ್ಪಿಗೆಯಾದ ತೂಕಕ್ಕೇ ಸಾಧನವನ್ನು ಹೊಂದಿಸಿಕೊಂಡು, ಒಲ್ಲದ ಮನಸ್ಸಿನಿಂದ ಒಪ್ಪಿದೆ. ನೆಟ್ಟಗಿನವು ನಾಲ್ಕು ಗುಂಪುಗಳ ಸರಾಸರಿಯಲ್ಲಿ ಅರ್ಧ ಇಂಚಿಗೆ ತುಸು ಮೇಲೆ ಬಿದ್ದವು. ಸೊಟ್ಟಗಿನವು ಒಂದು ಇಂಚಿಗೆ ತುಸು ಕಡಿಮೆ. ನಾಲ್ಕು ಗುಂಪು ಹೆಚ್ಚೇನಲ್ಲ ಎಂದು ಈಗ ನನಗೂ ಗೊತ್ತು. ಅದಕ್ಕೇ ಮುಂದಿನ ತಿಂಗಳು ಇನ್ನೊಮ್ಮೆ ಮಾಡಿದೆ. ಅಂತರ ಸ್ವಲ್ಪ ಕಿರಿದಾಯಿತು, ಮಾಯವಾಗಲಿಲ್ಲ.

ಸೊಟ್ಟ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಿದ ಭಾನುವಾರ ನನಗೆ ಇಡೀ ಹವ್ಯಾಸದಲ್ಲೇ ಅತ್ಯಂತ ಖುಷಿ ಕೊಟ್ಟ ದಿನ. ಒಂದೊಂದು ಹಂತ ಮುಗಿದ ಮೇಲೂ ಅದೇ ಹತ್ತು ಕೇಸುಗಳ ಕುತ್ತಿಗೆಯನ್ನು ಗೇಜಿನ ಮೇಲಿಟ್ಟೆ. ರೈಫಲ್ಲಿನಿಂದ ಆಗಷ್ಟೇ ಹೊರಬಿದ್ದ ಕೇಸು: ಒಂದು ಸಾವಿರಾಂಶದೊಳಗೆ, ಅಂದರೆ ಚೇಂಬರ್ ನಿರಪರಾಧಿ. ಡೈನ ನಡುವಿನ ಕಡ್ಡಿಯನ್ನು ಬಿಚ್ಚಿಟ್ಟು ಒತ್ತಿದ ಕೇಸು: ಆಗಲೂ ಒಂದು. ಕಡ್ಡಿಯನ್ನು ಮತ್ತೆ ಹಾಕಿ ಒತ್ತಿದ ಕೇಸು: ನಾಲ್ಕು, ಐದು. ಕಳ್ಳ ಸಿಕ್ಕಿದ್ದ.

ಆ ಕಡ್ಡಿಯ ಮಧ್ಯದಲ್ಲಿ ಎಕ್ಸ್‌ಪ್ಯಾಂಡರ್ ಎಂಬ ಉಕ್ಕಿನ ಉಂಡೆ ಇರುತ್ತದೆ. ಡೈ ಮೊದಲು ಕುತ್ತಿಗೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಿರಿದುಮಾಡುತ್ತದೆ. ಕೇಸು ಹೊರಬರುವಾಗ ಈ ಉಂಡೆ ಒಳಗಿನಿಂದ ಹಾದು ಕುತ್ತಿಗೆಯನ್ನು ಸರಿಯಾದ ಅಳತೆಗೆ ಹಿಗ್ಗಿಸುತ್ತದೆ. ಒಳಮೈ ಒಣಗಿದ್ದರೆ ಉಂಡೆ ಜಾರುವುದಿಲ್ಲ, ಹಿತ್ತಾಳೆಯನ್ನು ಹಿಡಿದೆಳೆಯುತ್ತದೆ, ಕುತ್ತಿಗೆ ಒಂದು ಬದಿಗೆ ವಾಲುತ್ತದೆ. ಒಳಗೆ ಏನೂ ಬೇಡ ಎಂಬ ನಿಯಮ ನನ್ನದೇ ಅಲ್ಲವೇ? ಇನ್ನೂ ನಾಚಿಕೆಯ ಸಂಗತಿಯೆಂದರೆ, ಪ್ರತಿ ಸಲ ಹಿಡಿ ಮೇಲೆತ್ತುವಾಗ ‘ಕೀರ್’ ಎಂದು ಒಂದು ಸದ್ದು ಬರುತ್ತಿತ್ತು. ಐದು ತಿಂಗಳು ಕೇಳಿದ್ದೆ. ಪ್ರೆಸ್ಸಿನ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ.

ಕುತ್ತಿಗೆಯ ಒಳಗೆ ಒಣ ಅಭ್ರಕದ ಪುಡಿಯನ್ನು ಬ್ರಷ್ಷಿನಿಂದ ಸವರಿದೆ. ಅದು ಮದ್ದಿಗೆ ಅಂಟುವ ವಸ್ತುವಲ್ಲ. ‘ಕೀರ್’ ನಿಂತಿತು, ಓಲಾಟ ಅರ್ಧಕ್ಕಿಳಿಯಿತು. ಕೆಲವು ವಾರಗಳ ನಂತರ ಉಂಡೆಯೇ ಬೇಡವಾದ, ಕುತ್ತಿಗೆಯ ಅಳತೆಗೆ ತಕ್ಕ ಬಳೆಯನ್ನು ಬದಲಿಸಿಕೊಳ್ಳಬಹುದಾದ ಬುಶಿಂಗ್ ಡೈ ಕೊಂಡೆ. ಈಗ ಬಹುಪಾಲು ತೋಟಾಗಳು ಒಂದು, ಒಂದೂವರೆಯಲ್ಲಿ ನಿಲ್ಲುತ್ತವೆ. ಕುತ್ತಿಗೆಯ ದಪ್ಪ ಸುತ್ತಲೂ ಸಮವಿಲ್ಲದ ಕೇಸುಗಳು ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಅವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಸ್ಕೋಪ್ ಹೊಂದಿಸುವಾಗ ಸುಡುತ್ತೇನೆ.

ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಕೇಸಿನ ಭುಜವನ್ನು ಒಂದೆರಡು ಸಾವಿರಾಂಶ ಮಾತ್ರ ಹಿಂದಕ್ಕೆ ತಳ್ಳುವಂತೆ ಡೈಯನ್ನು ಹೊಂದಿಸಿದೆ; ಅದಕ್ಕಿಂತ ಹೆಚ್ಚು ತಳ್ಳಿದರೆ ಹಿತ್ತಾಳೆ ಪ್ರತಿ ಸುಡುವಿಕೆಗೂ ಹಿಗ್ಗಿ, ತಳದ ಮೇಲ್ಭಾಗದಲ್ಲಿ ತೆಳುವಾಗಿ, ಒಂದು ದಿನ ಅಲ್ಲೇ ತುಂಡಾಗುತ್ತದೆ. ಉದ್ದ 1.700 ಇಂಚು ಮೀರುವ ಮೊದಲೇ ಕತ್ತರಿಸಿ 1.690ಕ್ಕೆ ತರುತ್ತೇನೆ. ಪ್ರೈಮರ್ ಗುಳಿಯಲ್ಲಿ ತಳಮಟ್ಟಕ್ಕಿಂತ ಒಂದು ಕೂದಲೆಳೆ ಕೆಳಗೆ ಕೂತಿದೆಯೇ ಎಂದು ಬೆರಳ ತುದಿ ಆಡಿಸಿ ನೋಡುತ್ತೇನೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂಬ ಬಗ್ಗೆ ಜನ ಪುಟಗಟ್ಟಲೆ ವಾದಿಸುತ್ತಾರೆ. ನನ್ನ ರೈಫಲ್ಲಿನಲ್ಲಿ ತಿರುಪು ಗೆರೆಗಳಿಂದ ಸ್ವಲ್ಪ ಹಿಂದೆ ನಿಲ್ಲಿಸಿದರೆ ಸಾಕಾಯಿತು, ಆ ಸ್ವಲ್ಪ ಹತ್ತು ಸಾವಿರಾಂಶವೋ ಇಪ್ಪತ್ತೋ ಎಂಬುದು ಹಾಳೆಯ ಮೇಲೆ ಕಾಣಲೇ ಇಲ್ಲ. ಗೆರೆಗಳಿಗೆ ತಾಗಿಸಿ ಕೂರಿಸಿದರೆ ಒತ್ತಡ ಏರುತ್ತದೆ. ಆ ಕಡೆ ನಾನು ಹೋಗಲಿಲ್ಲ.

ತೋಟಾ ನೆಟ್ಟಗಾದ ಮೇಲೆ ಉಳಿದ ದೋಷ ಗಾಳಿಯದ್ದು, ಅಂದರೆ ನನ್ನದು. ಗಂಟೆಗೆ 16 ಕಿಲೊಮೀಟರ್ ವೇಗದ ಅಡ್ಡಗಾಳಿ ಈ ಹಗುರ ಗುಂಡನ್ನು ನೂರು ಗಜದಲ್ಲಿ ಸುಮಾರು ಒಂದು ಇಂಚು ಸರಿಸುತ್ತದೆ, ಇನ್ನೂರು ಗಜದಲ್ಲಿ ನಾಲ್ಕು ಇಂಚು. ಕೆನ್ನೆಗೆ ತಂಪೆನಿಸುವ ಗಾಳಿಯೂ ಹಾಳೆಯ ಮೇಲೆ ಒಂದು ಗುಂಡಿನಗಲ ಬರೆಯುತ್ತದೆ. ಬಿದಿರ ಕಡ್ಡಿಗಳಿಗೆ ರಿಬ್ಬನ್ ಕಟ್ಟಿ ದಾರಿಯುದ್ದಕ್ಕೂ ನೆಟ್ಟೆ. ಬೆಂಚಿನ ಹತ್ತಿರದ ರಿಬ್ಬನ್ ಬಲಕ್ಕೆ, ಗುರಿಯ ಹತ್ತಿರದ್ದು ಎಡಕ್ಕೆ ಹಾರುವುದನ್ನು ಮೊದಲ ಸಲ ಕಂಡಾಗ ಹಿಂದಿನ ಹಾಳೆಗಳೆಲ್ಲ ನೆನಪಾದವು. ರಿಬ್ಬನ್‌ಗಳು ಒಂದೇ ರೀತಿ ನಿಂತಾಗ ಮಾತ್ರ ರೈಫಲ್ಲಿನ ಕುದುರೆ ಎಳೆಯುವುದು ಎಂದು ರೂಢಿಸಿಕೊಂಡೆ. ಇದಕ್ಕೆ ತಗುಲಿದ ಖರ್ಚು ತೊಲೆ ತಕ್ಕಡಿಯ ಪೆಟ್ಟಿಗೆಯ ಬೆಲೆಯೂ ಅಲ್ಲ.

ಈಗ ಐದೈದು ಗುಂಡಿನ ಐದು ಗುಂಪು ಹೊಡೆದು ಸರಾಸರಿ ಬರೆದಿಡುತ್ತೇನೆ. ಅರ್ಧ ಇಂಚಿನ ಆಸುಪಾಸಿನಲ್ಲಿ ನಿಂತಿದೆ. ಐದರಲ್ಲಿ ಒಂದು ಗುಂಪು ಪ್ರತಿ ಸಲವೂ ಮುಖ ಕೆಡಿಸುತ್ತದೆ, ಅದನ್ನೂ ಸೇರಿಸಿಯೇ ಬರೆಯುತ್ತೇನೆ. ಮದ್ದನ್ನು ಸಾಧನದಿಂದಲೇ ಅಳೆಯುತ್ತೇನೆ, ಹತ್ತಕ್ಕೊಂದನ್ನು ತಕ್ಕಡಿಗೆ ಹಾಕಿ ಸರಿಯಿದೆಯೇ ಎಂದು ನೋಡುತ್ತೇನೆ. ಚಿಮಟಿ ಬಚ್ಚಲ ಕಪಾಟಿಗೆ ವಾಪಸಾಗಿದೆ.

ಕೇಸುಗಳು ಎಂಟನೆಯ ಸುತ್ತಿನಲ್ಲಿವೆ. ಕಳೆದ ವಾರ ಗುಂಡು ಕೂರಿಸುವಾಗ ಹಿಡಿ ಒಂದಕ್ಕೆ ಮೆತ್ತಗೆ, ಇನ್ನೊಂದಕ್ಕೆ ಬಿಗಿಯಾಗಿ ಹೋಯಿತು. ಬಡಿದಷ್ಟೂ ಹಿತ್ತಾಳೆ ಗಟ್ಟಿಯಾಗುತ್ತದೆ, ಕುತ್ತಿಗೆಯ ಹಿಡಿತ ಒಂದೇ ತೆರನಾಗಿ ಉಳಿಯುವುದಿಲ್ಲ. ಕುತ್ತಿಗೆಯನ್ನಷ್ಟೇ ಬೆಂಕಿಗೆ ಹಿಡಿದು ಮೆದುಗೊಳಿಸಬೇಕು, ಕೆಳಭಾಗಕ್ಕೆ ಕಾವು ಏರಲು ಬಿಡಬಾರದು. ಮೇಷ್ಟ್ರ ಹತ್ತಿರ ಅದಕ್ಕೊಂದು ಬೆಂಕಿಯುಗುಳುವ ಸಣ್ಣ ಟಾರ್ಚ್ ಇದೆಯಂತೆ. ಭಾನುವಾರ ಬಾ ಎಂದಿದ್ದಾರೆ.